ಓಡುವ ಫೋಟೋಗಳಲ್ಲಿ ಮೂರನೆಯದು

ನಮ್ಮ ಕಲ್ಯಾಣ ಮಂಟಪಕ್ಕೂ ಒಂದು ವೆಬ್‌ಸೈಟ್ ಇತ್ತು. ತೀರ್ಥಹಳ್ಳಿಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಮಂಟಪದ ಕಮಿಟಿಯವರಂತೂ ಅದು ಇದೆ ಎಂಬುದನ್ನೇ ಮರೆತಿದ್ದರು. ತೆರೆದರೆ ಕಟ್ಟಡದ ಒಂದೇ ಒಂದು ಫೋಟೋ. ಅದನ್ನು ತೆಗೆದ ದಿನ ನೀರಿನ ಟ್ಯಾಂಕರ್ ಎದುರಿಗೆ ನಿಂತಿತ್ತು. ಹಾಗಾಗಿ ಟ್ಯಾಂಕರಿನ ಮೇಲೆ ಯಾರೋ ಹೆಂಚು ಹೊದೆಸಿದ್ದಾರೆ ಎಂಬಂತೆ ನಮ್ಮ ಮಂಟಪ ಕಾಣುತ್ತಿತ್ತು. ಇದರಿಂದ ಯಾವ ಮದುವೆಯೂ ನಿಂತಿರಲಿಲ್ಲ. ಹೊಳೆಯಾಚೆ ಹೊಸ ಮಂಟಪ ಎದ್ದು, ಅವರ ವೆಬ್‌ಸೈಟಿನಲ್ಲಿ ಫೋಟೋಗಳು ಒಂದರ ಹಿಂದೊಂದು ಸರಿಯುತ್ತವೆ ಎಂಬ ಸುದ್ದಿ ಬಂದ ಮೇಲೆ ಮಾತ್ರ ನಮ್ಮ ಕಮಿಟಿಯವರಿಗೆ ತಿಂದ ಅನ್ನ ಮೈಗೆ ಹತ್ತದಂತಾಯಿತು.

"ಅವ್ರದ್ದು ಫೋಟೋ ಓಡ್ತಾವಂತೆ. ನಮ್ದು ಎಂತಕ್ಕೆ ನಿಂತಲ್ಲೇ ನಿಂತಿದೆ ಮಾರಾಯ್ರೆ?" ಎಂದರು ಅಧ್ಯಕ್ಷರು.

"ಎದುರಿಗೆ ಟ್ಯಾಂಕರ್ ಅಡ್ಡ ಇದೆಯಲ್ಲ. ಎಲ್ಲಿಗೆ ಓಡ್ತದೆ?" ಎಂದರು ಖಜಾಂಚಿ.

ಸಭೆಯಲ್ಲಿ ನಗು ಮುಗಿದ ಮೇಲೆ ಎಲ್ಲರೂ ನನ್ನತ್ತ ನೋಡಿದರು. ನಾನು ಮಂಟಪದ ಮ್ಯಾನೇಜರು. ಓದಿದ್ದು ಹೈಸ್ಕೂಲು, ಅದೂ ಎರಡನೇ ಸಲಕ್ಕೆ ಪಾಸು. ಆದರೆ ಕೊರೋನಾ ಕಾಲದಲ್ಲಿ ಮದುವೆಗಳು ನಿಂತು, ಬೀಗ ಹಾಕಿದ ಮಂಟಪವನ್ನು ಕಾಯುತ್ತ ಕೂತಿದ್ದಾಗ, ಆಫೀಸಿನ ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ ನೋಡಿ ವೆಬ್ ಪುಟ ಬರೆಯುವುದನ್ನು ಅಷ್ಟಿಷ್ಟು ಕಲಿತಿದ್ದೆ. ಇದನ್ನು ನಾನು ಗುಟ್ಟಾಗಿಯೇನೂ ಇಟ್ಟಿರಲಿಲ್ಲ. ಬಾಳೆಎಲೆ ತರುವವನಿಗೂ ಹೇಳಿದ್ದೆ.

ಸರಿಯುವ ಫೋಟೋಗಳಿಗೆ ಇಂಗ್ಲಿಷಿನಲ್ಲಿ ಕ್ಯಾರೊಸೆಲ್ ಎನ್ನುತ್ತಾರೆ. ನಮ್ಮ ಕಮಿಟಿ ಅದನ್ನು 'ಓಡೋ ಫೋಟೋ' ಎಂದು ನಡಾವಳಿಯಲ್ಲಿ ಬರೆಯಿತು. ಮೊದಲು ನಾನು ಎಲ್ಲಿಂದಲೋ ಸಿದ್ಧವಾಗಿ ಸಿಗುವ ಒಂದನ್ನು ತಂದು ಅಂಟಿಸಿದೆ. ಆಫೀಸಿನಲ್ಲಿ ಚೆನ್ನಾಗಿ ಓಡಿತು. ಹೊಸನಗರದ ಭಾವನಿಗೆ ಫೋನ್ ಮಾಡಿ ನೋಡು ಎಂದರೆ, "ಎಂಥದೋ ಉರುಟಾಗಿ ತಿರುಗ್ತಾ ಇದೆ ಭಾವ. ಅದೇ ಫೋಟೋನಾ?" ಎಂದ. ನಮ್ಮ ಕಡೆ ಅರ್ಧದಷ್ಟು ಮನೆಗಳಲ್ಲಿ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು, ತಾವು ಈಚೆ ನಿಂತು ಕೂಗಿ ಮಾತಾಡುವ ಪರಿಸ್ಥಿತಿ. ಮದುವೆಗೆ ಮಂಟಪ ಹುಡುಕುವವರು ಅವರೇ. ಅವರ ಫೋನಿನಲ್ಲಿ ತೆರೆಯದ ಚಿತ್ರ ಓಡಿದರೆಷ್ಟು, ಮಲಗಿದರೆಷ್ಟು?

ಆ ಭಾರದ ಸಾಮಾನನ್ನು ಕಿತ್ತೆಸೆದು ನಾನೇ ಬರೆದೆ. ಉಪಾಯ ಬಹಳ ಸರಳ. ಚಿತ್ರಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದು ಚಿತ್ರದಷ್ಟೇ ಅಗಲದ ಕಿಟಕಿ ಇಡುವುದು. ಬೆರಳಿನಲ್ಲಿ ತಳ್ಳಿದರೆ ಸಾಲು ಸರಿಯುತ್ತದೆ; ಅರ್ಧಕ್ಕೆ ನಿಲ್ಲದೆ ಮುಂದಿನ ಚಿತ್ರ ಸರಿಯಾಗಿ ಕಿಟಕಿಗೆ ಬಂದು ಕೂರುವಂತೆ ಒಂದು ಮಾತು ಬರೆಯಬೇಕು. ಪರದೆ ಚಿಕ್ಕದಾದರೆ ಚಿಕ್ಕ ಚಿತ್ರ, ದೊಡ್ಡದಾದರೆ ದೊಡ್ಡದು. ಮೊದಲನೆಯದು ಕೂಡಲೇ ಬರಬೇಕು; ಉಳಿದವು ಅವುಗಳ ಸರದಿ ಹತ್ತಿರ ಬಂದಾಗ ಬಂದರೆ ಸಾಕು. ಬರೆದದ್ದೆಲ್ಲ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹಿಡಿಯುವಷ್ಟು. ಮತ್ತೆ ಭಾವನಿಗೆ ಫೋನ್ ಮಾಡಿದೆ. ನಾನು ಕೇಳುವುದರೊಳಗೇ, "ಬಂತು ಬಂತು, ಊಟದ ಹಾಲ್ ಕಾಣ್ತಾ ಇದೆ" ಎಂದ.

ಅವತ್ತಿನಿಂದ ನನ್ನ ಕಾಟ ಊರಿಗೆ ಹತ್ತಿತು. ಮದುವೆಗೆ ಬಂದವರ ಕೈಯಿಂದ ಫೋನ್ ಕಸಿದುಕೊಂಡು ತೆರೆದು ತೋರಿಸುತ್ತಿದ್ದೆ. ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಹೋಗಿ, "ನಿಮ್ಮ ಕಡೆ ನೆಟ್‌ವರ್ಕ್ ಹೆಂಗೆ?" ಎಂದು ಶುರು ಮಾಡುತ್ತಿದ್ದೆ. ಮನುಷ್ಯರಿಗೆ ಮುಪ್ಪಿನಲ್ಲಿ ದೈವಭಕ್ತಿ ಬರುತ್ತದಂತೆ. ನನಗೆ ಇದು ಬಂತು.

ಇನ್ನು ಯಾವ ಫೋಟೋ ಹಾಕುವುದು? ಅಧ್ಯಕ್ಷರು ತಮ್ಮ ಮಗಳ ಮದುವೆಯದು ಕೊಟ್ಟರು. ಅದರಲ್ಲಿ ಮಗಳಿಗಿಂತ ಅಧ್ಯಕ್ಷರೇ ಹೆಚ್ಚು ಇದ್ದರು. ಖಜಾಂಚಿ ಹೊಸ ಜನರೇಟರಿನ ಫೋಟೋ ತಂದರು. ಅವುಗಳ ನಡುವೆ ನಾನೇ ಆರಿಸಿದ್ದು ಮೂರನೆಯದು. ಕೆಲವು ವರ್ಷಗಳ ಹಿಂದಿನ ಮದುವೆಯ ಧಾರೆ. ಪಕ್ಕದ ಕಿಟಕಿಯಿಂದ ಬೆಳಕು ಓರೆಯಾಗಿ ಬಿದ್ದಿದೆ. ತಾಯಿ ಗಿಂಡಿಯಿಂದ ನೀರು ಬಿಡುತ್ತಿದ್ದಾಳೆ. ನೀರಿನ ಎಳೆ ಗಾಜಿನ ಕಡ್ಡಿಯ ಹಾಗೆ ಹೊಳೆಯುತ್ತಿದೆ. ಮಗಳ ಕೈ ಅಳಿಯನ ಕೈಮೇಲೆ, ಅವೆರಡರ ಕೆಳಗೆ ತಂದೆಯ ಎರಡೂ ಕೈ. ಹುಡುಗಿ ತಲೆ ತಗ್ಗಿಸಿ ನಗುತ್ತಿದ್ದಾಳೆ. ಅಂಥ ಫೋಟೋ ನಮ್ಮ ಮಂಟಪದಲ್ಲಿ ಇನ್ನೊಂದು ಇಲ್ಲ.

ಆ ಮದುವೆ ಉಳಿದಿರಲಿಲ್ಲ. ಇದು ನನಗೆ ಗೊತ್ತಿತ್ತು. ಹುಡುಗಿ ನಮ್ಮದೇ ಬೀದಿಯ ಬಸ್ ಕಂಡಕ್ಟರನ ಮಗಳು, ಒಬ್ಬಳೇ ಮಗಳು. ಮದುವೆಯಾಗಿ ಎರಡು ವರ್ಷಕ್ಕೆ ವಾಪಸು ಬಂದಳು, ಕೋರ್ಟಿನಲ್ಲಿ ಎಲ್ಲ ತೀರ್ಮಾನವಾಯಿತು, ಸಾಗರದಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಹಿಡಿದು ಅಲ್ಲೇ ರೂಮು ಮಾಡಿಕೊಂಡಳು. ಎಲ್ಲ ಗೊತ್ತಿದ್ದೂ ಫೋಟೋ ಹಾಕಿದೆ. ಇದು ಮಂಟಪದ ಫೋಟೋ, ಅವರು ಅದರಲ್ಲಿ ನಿಂತಿದ್ದಾರೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿದ್ದದ್ದರಿಂದ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಅವಳೇ ಫೋನ್ ಮಾಡಿದಳು. ಚಿಕ್ಕಂದಿನಿಂದಲೂ ನನ್ನನ್ನು ಮಾವ ಎನ್ನುವವಳು.

"ಮಾವ, ನಿಮ್ಮ ವೆಬ್‌ಸೈಟಲ್ಲಿ ನಾನು ಇನ್ನೂ ಮದ್ವೆ ಆಗ್ತಾನೇ ಇದೀನಂತೆ?"

ನಾನು ನಕ್ಕೆ. ಅವಳು ನಗಲಿಲ್ಲ.

"ಅದು ಬೆಳಕಿಗೋಸ್ಕರ ಹಾಕಿದ್ದು ಮಗ. ಬೆಳಕು ಹೆಂಗೆ ಬಿದ್ದಿದೆ ನೋಡಿದ್ಯಾ?"

"ಬೆಳಕು ನೀವೇ ಇಟ್ಕಳಿ. ನನ್ನ ತೆಗೀರಿ."

ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಮೇಳಿಗೆ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಅಂಗಡಿಗೆ ಕನ್ನಡಕಕ್ಕೆಂದು ಬರುತ್ತಿದ್ದವನು, ಅವನೇ ಕೇಳಿದ್ದು. ಹುಡುಗನಿಗೆ ಮೊದಲ ಮದುವೆಯ ವಿಷಯ ಎಲ್ಲ ಹೇಳಿದ್ದಾಳೆ. ಮನೆಯವರಿಗೂ ಗೊತ್ತು. ಗೊತ್ತಿಲ್ಲದಿರುವುದು ಹುಡುಗನ ಅಜ್ಜಿಗೆ ಮಾತ್ರ. ಆ ಮನೆಯಲ್ಲಿ ಅಜ್ಜಿಯ ಮಾತು ಮೀರಿ ಸೊಪ್ಪಿನ ಸಾರೂ ಆಗುವುದಿಲ್ಲ. "ನಾನೇ ಹೋಗಿ ಹೇಳ್ತೀನಿ ಅಂದೆ ಮಾವ. ಬೇಡ, ನಾವು ನಿಧಾನಕ್ಕೆ ಹೇಳ್ತೀವಿ ಅಂದ್ರು. ಅವ್ರು ಹೇಳೋದ್ರೊಳಗೆ ಇದು ಕಣ್ಣಿಗೆ ಬಿದ್ರೆ ಎಲ್ಲ ಹಾಳಾಗ್ತದೆ."

"ಇವತ್ತೇ ತೆಗೀತೀನಿ" ಎಂದೆ.

ತೆಗೆಯಲಿಕ್ಕೆ ಕೂತೆ ಕೂಡ. ಮೂರನೆಯದನ್ನು ತೆಗೆದರೆ ಅಧ್ಯಕ್ಷರ ಹೊಟ್ಟೆಯ ಪಕ್ಕದಲ್ಲೇ ಜನರೇಟರ್ ಬಂದು ನಿಲ್ಲುತ್ತಿತ್ತು. ನನ್ನ ಸಾಲಿನ ಜೀವವೇ ಹೋಗುತ್ತಿತ್ತು. ಹೀಗೆ ನೋಡುತ್ತ ಕೂತವನಿಗೆ ಒಂದು ಬುದ್ಧಿ ಹೊಳೆಯಿತು. ಮುಖಗಳನ್ನು ಕತ್ತರಿಸಿದರೆ ಸಾಕಲ್ಲ? ಕುತ್ತಿಗೆಯಿಂದ ಮೇಲಿನದ್ದನ್ನೆಲ್ಲ ಕತ್ತರಿಸಿದೆ. ಉಳಿದದ್ದು ಗಿಂಡಿ, ನೀರಿನ ಎಳೆ, ಒಂದರ ಮೇಲೊಂದು ಕೈಗಳು. ಮೊದಲಿಗಿಂತ ಚೆನ್ನಾಗಿ ಕಂಡಿತು. ಫೋನಿನ ಸಣ್ಣ ಪರದೆಯಲ್ಲಂತೂ ಕೈಗಳೇ ತುಂಬಿಕೊಂಡು ದೇವರ ಪಟದ ಹಾಗಿತ್ತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕವನ್ನೂ ಹಾಕಿಕೊಳ್ಳದೆ, "ಇದು ಕಂಡಕ್ಟರ್ ಕೈ ಅಲ್ದನ್ರೀ?" ಎಂದಳು.

"ನಿಂಗೆ ಗೊತ್ತು, ಅದಕ್ಕೆ ಹೇಳ್ದೆ. ಬೇರೆಯವ್ರಿಗೆ ಎಂತ ಗೊತ್ತಾಗ್ತದೆ?"

"ನಾನು ಅವ್ರ ಬಸ್ಸಲ್ಲಿ ಹೋಗಿದ್ದು ನಾಕೋ ಐದೋ ಸಲ" ಎಂದಳು. "ದಿನಾ ಹೋದವ್ರು ಇದಾರಪ್ಪ."

ನಮ್ಮ ಕಂಡಕ್ಟರ್ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಬಸ್ಸಿನಲ್ಲಿ ಕೂದಲು ಕಪ್ಪಗಿದ್ದಾಗ ಹತ್ತಿ ಬೆಳ್ಳಗಾದ ಮೇಲೆ ಇಳಿದವನು. ಎಡಗೈಯ ಕಿರುಬೆರಳೂ ಅದರ ಪಕ್ಕದ್ದೂ ಬಸ್ಸಿನ ಬಾಗಿಲಿಗೆ ಸಿಕ್ಕಿ ಹೋಗಿದ್ದವು. ಉಳಿದ ಬೆರಳುಗಳ ಸಂದಿಯಲ್ಲೇ ನೋಟುಗಳನ್ನು ಉದ್ದಕ್ಕೆ ಮಡಚಿ ಸಿಕ್ಕಿಸಿಕೊಂಡು, ಅದೇ ಕೈಯಿಂದ ಚಿಲ್ಲರೆ ಎಣಿಸಿ ಕೊಡುತ್ತಿದ್ದ. ಮೂರು ತಾಲೂಕಿನ ಜನ ಆ ಕೈಯಿಂದ ಚಿಲ್ಲರೆ ಇಸಿದುಕೊಂಡಿದ್ದಾರೆ. ನೂಕುನುಗ್ಗಲಿನ ಬಸ್ಸಿನಲ್ಲಿ ಕಂಡಕ್ಟರನ ಮುಖ ಯಾರಿಗೆ ಕಾಣುತ್ತದೆ? ಎಲ್ಲರಿಗೂ ಕಂಡದ್ದು ತಲೆಗಳ ಮೇಲಿನಿಂದ ಚಾಚಿ ಬರುವ ಆ ಕೈ. ನಾನು ಮಹಾ ಬುದ್ಧಿವಂತ, ಯಾರೂ ಗುರುತಿಸದ ಮುಖವನ್ನು ಕತ್ತರಿಸಿ ಎಲ್ಲರೂ ಬಲ್ಲ ಕೈಯನ್ನು ಉಳಿಸಿದ್ದೆ.

ಹೆಂಡತಿ ಹೇಳಿದ ಮೇಲಾದರೂ ತೆಗೆಯಬಹುದಿತ್ತು. ತೆಗೆಯಲಿಲ್ಲ. ಬದಲಿಗೆ ಸಾಗರಕ್ಕೆ ಮೆಸೇಜ್ ಕಳಿಸಿದೆ: 'ತೆಗೆದಿದ್ದೇನೆ ಮಗ.' ಅವಳು ಕೈಮುಗಿಯುವ ಚಿತ್ರ ಕಳಿಸಿದಳು.

ಸ್ವಲ್ಪ ದಿನಕ್ಕೆ ಮೇಳಿಗೆ ಕಡೆಯವರೊಬ್ಬರು ಮಂಟಪ ನೋಡಲು ಬಂದರು. ಮಾತಿನಲ್ಲಿ, ಅವರು ಅದೇ ಹುಡುಗನ ಚಿಕ್ಕಪ್ಪ ಎಂದು ತಿಳಿಯಿತು. ಒಂದು ದಿನವನ್ನು ಹಿಡಿದಿಡಿ, ಮನೆಯಲ್ಲಿ ಕೇಳಿ ಹೇಳ್ತೀವಿ ಎಂದರು. ಆಗಲಾದರೂ ನನ್ನ ಎದೆ ಧಸಕ್ಕೆನ್ನಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಅವರ ಫೋನ್ ಇಸಿದುಕೊಂಡು, ನಮ್ಮ ವೆಬ್‌ಸೈಟ್ ತೆರೆದುಕೊಟ್ಟು, "ಮನೇಲಿ ಹಿರಿಯರಿಗೆ ತೋರ್ಸಿ. ಮೇಳಿಗೇಲೂ ತೆರೀತದೆ, ನೋಡಿ ಬೇಕಾದ್ರೆ" ಎಂದೆ.

ವಾರ ಕಳೆಯುವುದರೊಳಗೆ ಅವರು ಮತ್ತೆ ಬಂದರು.

"ಆ ದಿನ ಬೇರೆಯವ್ರಿಗೆ ಕೊಡಿ" ಎಂದರು. "ನಮ್ಗೆ ಸದ್ಯಕ್ಕೆ ಬೇಡ."

"ಎಂತ ಆತು?"

ಅವರು ಕುರ್ಚಿ ಎಳೆದುಕೊಂಡು ಕೂತರು. ಜಗಲಿಯಲ್ಲಿ ಹುಡುಗನೇ ಅಜ್ಜಿಗೆ ಮಂಟಪದ ಫೋಟೋ ತೋರಿಸುತ್ತಿದ್ದನಂತೆ. ಊಟದ ಹಾಲ್ ನೋಡಿ ಅಜ್ಜಿ ಸೈ ಎಂದಳಂತೆ. ಅಧ್ಯಕ್ಷರನ್ನು ನೋಡಿ, "ಇವ್ನು ಯಾರ ಅಡುಗೆಭಟ್ಟ?" ಎಂದಳಂತೆ. ಮೂರನೆಯದು ಬಂದಾಗ ಫೋನನ್ನು ತಾನೇ ಕೈಗೆ ತೆಗೆದುಕೊಂಡಳಂತೆ.

"ನಮ್ಮ ಅಮ್ಮ ಹೊಸನಗರದ ಆಸ್ಪತ್ರೆಗೆ ಅಂತ ವರ್ಷಗಟ್ಲೆ ಆ ಬಸ್ಸಲ್ಲಿ ಓಡಾಡಿದವ್ಳು. 'ಇದು ಕಂಡಕ್ಟರ್ ಕೈ. ಧಾರೆಗೆ ಒಡ್ಡಿದಾನೆ. ಅವ್ನಿಗೆ ಒಬ್ಳೇ ಮಗಳು ಅಂದ್ರಲ್ಲ, ಹಂಗಾದ್ರೆ ಇದು ಯಾರ ಧಾರೆ?' ಅಂದ್ಲು. ನಮ್ಮ ಹುಡ್ಗನ ಮುಖ ನೋಡಿದ್ಲು. ಅಷ್ಟೇ ಸಾಕಾತು. ಹೆಣ್ಣಿಗೆ ಮೊದ್ಲು ಮದ್ವೆ ಆಗಿತ್ತು ಅನ್ನೋದಕ್ಕಲ್ಲ ಅವ್ಳಿಗೆ ಸಿಟ್ಟು. ಮನೆಮಂದಿಯೆಲ್ಲ ಸೇರಿ ತನ್ನನ್ನ ಮಂಗ ಮಾಡಿದ್ರಲ್ಲ ಅಂತ. ಮಾತೇ ಬಿಟ್ಟಿದಾಳೆ."

ಅವರು ಎದ್ದು ಹೊರಡುವಾಗ, "ಬ್ಯಾಂಕಿಂದು ಎಂಥದೂ ತೆರೆಯಲ್ಲ ನಮ್ಮನೇಲಿ. ನಿಮ್ದು ಮಾತ್ರ ಹಾಳಾದ್ದು ಟಪ್ ಅಂತ ಬರ್ತದೆ ಮಾರಾಯ್ರೆ" ಎಂದರು.

ಆ ಮಾತಿಗೆ, ಅರೆಕ್ಷಣ, ನನಗೆ ಖುಷಿಯಾಯಿತು. ಇಷ್ಟು ಬರೆದ ಮೇಲೆ ಅದನ್ನೊಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ಸಂಬಂಧ ಮುರಿದ ಸುದ್ದಿಯನ್ನು ಎದುರಿಗಿಟ್ಟುಕೊಂಡು, ನನ್ನ ಪುಟ ಬೇಗ ತೆರೆಯುತ್ತದೆಂದು ಒಳಗೊಳಗೇ ಹಿಗ್ಗಿದೆ. ನಾನು ಕೆಟ್ಟ ಕೆಲಸಗಾರನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮೊದಲು ಅಂಟಿಸಿದ್ದ ಆ ಭಾರದ ಸಾಮಾನನ್ನೇ ಉಳಿಸಿದ್ದರೆ ಇವತ್ತಿಗೂ ಆ ಜಗಲಿಯಲ್ಲಿ ಉರುಟಾಗಿ ತಿರುಗುತ್ತ ಇರುತ್ತಿತ್ತು, ಅಜ್ಜಿ ಬೇಸತ್ತು ಎದ್ದು ಹೋಗುತ್ತಿದ್ದಳು.

ಮಾರನೆಯ ದಿನ ಸಾಗರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸಿದೆ. ಹೊಸನಗರದ ತನಕ ತಾಂತ್ರಿಕ ತೊಂದರೆ ಎಂದು ಹೇಳುವ ಯೋಚನೆಯಿತ್ತು. ಅಲ್ಲಿಂದ ಮುಂದೆ ಆ ಧೈರ್ಯವೂ ಹೋಯಿತು.

ಅಂಗಡಿಯಲ್ಲಿ ಅವಳೊಬ್ಬಳೇ ಕೌಂಟರಿನಲ್ಲಿದ್ದಳು. ದಪ್ಪ ಮೀಸೆಯ ಗಿರಾಕಿಯೊಬ್ಬ ಕನ್ನಡಿಯ ಮುಂದೆ ಒಂದಾದ ಮೇಲೊಂದು ಫ್ರೇಮ್ ಹಾಕಿ ನೋಡುತ್ತಿದ್ದ.

"ಬಂದ್ರಾ ಮಾವ. ಕೂತ್ಕಳಿ" ಎಂದಳು. ಮುಖ ನೋಡಿದರೆ ಸುದ್ದಿ ಮುಟ್ಟಿದೆ ಎಂದು ತಿಳಿಯುತ್ತಿತ್ತು.

"ಆ ಫೋಟೋ ನಾನು ತೆಗೀಲಿಲ್ಲ ಮಗ" ಎಂದೆ. "ಮುಖ ಕತ್ರಿಸಿ ಕೈ ಮಾತ್ರ ಇಟ್ಟಿದ್ದೆ. ತೆಗೆದಿದೀನಿ ಅಂತ ನಿಂಗೆ ಸುಳ್ಳು ಹೇಳ್ದೆ."

"ಗೊತ್ತಾತು. ನಿನ್ನೆ ತೆರೆದು ನೋಡ್ದೆ."

"ಅಜ್ಜಿಗೆ ತೋರ್ಸಿ ಅಂತ ಹೇಳಿದ್ದೂ ನಾನೇ."

ಇದು ಅವಳಿಗೆ ಗೊತ್ತಿರಲಿಲ್ಲ. ಗಿರಾಕಿ ಫ್ರೇಮ್ ಹಾಕಿ ನೋಡುವುದನ್ನು ನಿಲ್ಲಿಸಿ ಕನ್ನಡಿಯಲ್ಲಿ ನಮ್ಮಿಬ್ಬರನ್ನು ನೋಡುತ್ತಿದ್ದ.

"ಎಂತಕ್ಕೆ ಮಾವ?"

ಉತ್ತರ ಸಣ್ಣದಿತ್ತು. ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. "ಫೋಟೋ ಚೆನ್ನಾಗಿತ್ತು."

"ಚೆನ್ನಾಗಿತ್ತು" ಎಂದಳು ಅವಳು, ಗಿರಾಕಿಗೆ ಕನ್ನಡಕದ ಪವರ್ ಹೇಳಿದಷ್ಟು ಸಪ್ಪಗೆ. "ಮುಖ ಇದ್ದಿದ್ರೆ ಹೋಗ್ಲಿ ಅನ್ನಬಹುದಿತ್ತು. ತಲೆ ಕಡ್ದು ಇಟ್ರಲ್ಲ, ನಾವೇ ಕದ್ದುಮುಚ್ಚಿ ಹಂಗೆ ಮಾಡ್ಸಿದ್ದು ಅಂತ ಆ ಮನೇಲಿ ಮಾತಾಗಿದೆ. ಅಪ್ಪಯ್ಯನೇ ನಿಮ್ಗೆ ಹೇಳಿ ಮಾಡ್ಸಿದಾರೆ ಅಂತ."

ಕೌಂಟರಿನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ಈಗ ತೆಗೀರಿ. ನನ್ನೆದುರಿಗೆ."

ತೆಗೆದೆ. ಅವಳು ತನ್ನ ಫೋನಿನಲ್ಲಿ ಪುಟ ತೆರೆದು ಒಂದೊಂದಾಗಿ ಸರಿಸಿ ನೋಡಿದಳು. ಅಧ್ಯಕ್ಷರ ಹಿಂದೆಯೇ ಜನರೇಟರ್ ಬಂತು. ಸಾಕು ಎಂದು ಫೋನ್ ಕೆಳಗಿಟ್ಟಳು.

"ನಾನು ಮೇಳಿಗೆಗೆ ಹೋಗಿ ಅಜ್ಜಿಯ ಕಾಲಿಗೆ ಬಿದ್ದು ಹೇಳ್ಲಾ?" ಎಂದು ಕೇಳಿದೆ.

"ಬೇಡ. ಅಜ್ಜಿಗೆ ನಾನೇ ಹೇಳ್ತೀನಿ. ಮೊದ್ಲೇ ಹೇಳ್ಬೇಕಿತ್ತು." ಆಮೇಲೆ ಗಿರಾಕಿಯ ಕಡೆ ತಿರುಗಿ, "ಅದು ನಿಮ್ಮ ಮೂಗಿಗೆ ಜಾರ್ತದೆ, ಇದು ನೋಡಿ" ಎಂದಳು. ನಾನು ಹೊರಡಬಹುದು ಎಂದು ಅದರ ಅರ್ಥ.

ಮುಂದಿನದ್ದನ್ನು ಹೇಳಿದ್ದು ಹುಡುಗನ ಚಿಕ್ಕಪ್ಪ, ತಿಂಗಳ ಮೇಲೆ, ಬೇರೆ ಯಾರದೋ ಮದುವೆಗೆ ಬಂದಾಗ. ಭಾನುವಾರ ಅವಳು ಒಬ್ಬಳೇ ಬಸ್ಸಿಳಿದು ಆ ಮನೆಗೆ ನಡೆದುಕೊಂಡು ಹೋದಳಂತೆ. ಜಗಲಿಯಲ್ಲಿ ಅಜ್ಜಿಯ ಎದುರು ಕೂತು ಮೊದಲಿನಿಂದ ಕೊನೆಯ ತನಕ ಹೇಳಿದಳಂತೆ. ಅಜ್ಜಿ ಎಲ್ಲ ಕೇಳಿ, "ಇದನ್ನ ಮೊದ್ಲೇ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?" ಎಂದಾಗ ಅವಳು ಹುಡುಗನ ಕಡೆ ನೋಡಿದಳಂತೆ. ಹುಡುಗ ನೆಲ ನೋಡಿದ. ಅಜ್ಜಿ ಕಾಫಿ ತರಿಸಿದಳು, ಕಂಡಕ್ಟರ್ ಹೇಗಿದ್ದಾನೆ ಎಂದು ಕೇಳಿದಳು, ಒಳ್ಳೆಯ ದಿನ ನೋಡಿ ಎಂದಳು. ಎಲ್ಲ ಸರಿಯಾಯಿತು ಎನ್ನುವಾಗ ಅಂಗಳದಲ್ಲಿ ಹುಡುಗ, "ನೋಡು, ಸರಿ ಹೋಯ್ತಲ್ಲ" ಎಂದನಂತೆ.

"ಸರಿ ಹೋಗ್ಲಿಲ್ಲ, ನಾನು ಸರಿ ಮಾಡ್ದೆ" ಎಂದಳಂತೆ ಅವಳು. "ಮುಂದಿನ ಸಲಾನೂ ನೀವು ನೆಲ ನೋಡ್ತೀರಿ." ಮದುವೆ ಬೇಡ ಎಂದು ಅಲ್ಲೇ ಹೇಳಿ ಬಸ್ಸಿಗೆ ಹೊರಟಳು.

"ಎಂಥ ಹೆಣ್ಣು ಮಾರಾಯ್ರೆ. ಒಪ್ಪಿಗೆ ಸಿಕ್ಕಿದ ಮೇಲೆ ಬೇಡ ಅಂದ್ಲು" ಎಂದು ಚಿಕ್ಕಪ್ಪ ಪಾಯಸ ಸೊರ್ರನೆ ಹೀರಿದರು.

ಈ ಕತೆ ಕಮಿಟಿಗೂ ತಲುಪಿತು. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ನಿಮ್ಮ ಓಡೋ ಫೋಟೋದಿಂದ ಆ ಹೆಣ್ಣುಮಗಳು ಬಚಾವಾದ್ಲು ಬಿಡಿ. ಬೆನ್ನೆಲುಬಿಲ್ಲದವನು ಅಂತ ಮೊದ್ಲೇ ಗೊತ್ತಾತಲ್ಲ" ಎಂದರು. ಎಷ್ಟು ಹಾಯಾದ ಮಾತು. ಒಂದೆರಡು ವಾರ ನಾನೂ ಅದನ್ನು ನಂಬಿಕೊಂಡು ಓಡಾಡಿದೆ. ಸುಳ್ಳು ಹೇಳಿದವನಿಗೆ ಪುಣ್ಯವೂ ಬರುತ್ತದೆಂದರೆ ಯಾರಿಗೆ ಬೇಡ?

ಇದನ್ನೆಲ್ಲ ಬರೆಯಬೇಕು ಎನ್ನಿಸಿದಾಗ ಮೊದಲು ಸಾಗರಕ್ಕೆ ಫೋನ್ ಮಾಡಿದೆ. ಈ ಸಲ ಕೇಳಿದೆ. ಹೆಸರು ಹಾಕುವುದಿಲ್ಲ, ಯಾರದ್ದೂ ಹಾಕುವುದಿಲ್ಲ, ನನ್ನ ತಪ್ಪು ಬರೆಯಬೇಕಾಗಿದೆ, ಬರೆಯಲಾ ಎಂದೆ.

"ಬರೀರಿ" ಎಂದಳು. "ಆದ್ರೆ ಕೊನೇಲಿ ನಾನು ಗೆದ್ದೆ, ಒಳ್ಳೇದೇ ಆತು ಅಂತೆಲ್ಲ ಬರೀಬೇಡಿ ಮಾವ."

"ಇಲ್ಲ ಮಗ."

"ನಂಗೆ ಅವ್ರು ಇಷ್ಟ ಆಗಿದ್ರು. ಅಜ್ಜಿಗೆ ಅವ್ರೇ ಹೇಳ್ತಿದ್ರೇನೋ, ಇನ್ನೊಂದು ತಿಂಗ್ಳು ಕೊಟ್ಟಿದ್ರೆ. ಹೇಳ್ತಿರ್ಲಿಲ್ವೇನೋ. ಇನ್ನು ನಂಗೆ ಅದು ಗೊತ್ತಾಗಲ್ಲ."

ಅಂಗಡಿಗೆ ಯಾರೋ ಬಂದರು, ಇಡ್ತೀನಿ ಎಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ಏನನ್ನೂ ಕತ್ತರಿಸಿಲ್ಲ.